ಹ್ಯಾಟ್ ಪಿನ್ ಹಿಡಿದ ಮೆಕ್ಯಾನಿಕ್: ಬರ್ತಾ ಬೆಂಜ್

ಈ ಸಂಚಿಕೆಗೆ ಒಬ್ಬ ಸಾಧಕರ ಬಗ್ಗೆ ಬರೆದು ಕೊಡಿ ಅಂತ ಸಂಘದವರು ಕೇಳಿದಾಗ ನಮ್ಮ ಗುಂಪಿನಲ್ಲಿ ಮೊದಲು ಬಂದದ್ದು ಮಾಮೂಲಿ ಹೆಸರುಗಳೇ. ವಿಶ್ವೇಶ್ವರಯ್ಯ, ಕಲಾಂ. ಇವರ ಬಗ್ಗೆ ನಾವು ಒಂದನೇ ಕ್ಲಾಸಿನಿಂದ ಭಾಷಣ ಮಾಡಿದ್ದೇವೆ, ಪ್ರೈಜೂ ತಗೊಂಡಿದ್ದೇವೆ. ಈ ಸಲ ಬೇರೆ ಹೆಸರು ಇರಲಿ ಅಂತ ಬರ್ತಾ ಬೆಂಜ್ ಅವರನ್ನು ಆರಿಸಿಕೊಂಡೆವು. ಯಾಕೆ ಅಂತ ಹೇಳ್ಬೇಕಂದ್ರೆ ಮೊದಲು ಹೊಸದುರ್ಗದ ರಸ್ತೆಯಲ್ಲಿ ನಮ್ಮ ಮರ್ಯಾದೆ ಹೋದ ಕಥೆ ಹೇಳ್ಬೇಕು.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಒಂದು ರೌಂಡ್ ಹೊರಟಿದ್ದೆವು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗಿ ಬಯಲು ಗಣಪತಿಗೆ ಕೈ ಮುಗಿಯೋದು, ಹೊಸದುರ್ಗದಲ್ಲಿ ಊಟ, ಅಲ್ಲಿಂದ ಮಾರಿಕಣಿವೆ ಡ್ಯಾಂ, ಆಮೇಲೆ ಹಿರಿಯೂರು ಮೇಲೆ ಹೈವೇ ಹಿಡಿದು ವಾಪಸ್. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಂ ಅದು. 1933ರ ನಂತರ 2022ರಲ್ಲಿ ತುಂಬಿದಾಗ ಇಡೀ ಜಿಲ್ಲೆಯೇ ನೋಡೋಕೆ ಹೋಗಿತ್ತು, ನಮಗೆ ಮಾತ್ರ ಆಗ ಟ್ಯೂಷನ್. ಆ ಬಾಕಿ ತೀರಿಸೋಣ ಅಂತ ಈ ಪ್ಲಾನ್. ಕಾರು ನಮ್ಮಲ್ಲೊಬ್ಬನ ಅಪ್ಪನದು, ಹಳೇದು. ಹದಿನೈದು ದಿನದ ಹಿಂದಷ್ಟೇ ಸರ್ವೀಸ್ ಆಗಿತ್ತು. ಬಿಲ್ಲಿನಲ್ಲಿ ಕೂಲೆಂಟ್, ಬ್ರೇಕ್, ಆಯಿಲ್ ಎಲ್ಲದರ ಮುಂದೆಯೂ ಟಿಕ್ ಇತ್ತು. ಟಿಕ್ ಇದ್ಮೇಲೆ ಮುಗೀತಲ್ಲ, ಬಾನೆಟ್ ಎತ್ತಿ ಯಾರು ನೋಡ್ತಾರೆ?

ಹೊಸದುರ್ಗ ದಾಟಿ ಸ್ವಲ್ಪ ದೂರಕ್ಕೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯ್ತು. ನಾವು ಅದನ್ನ ನೋಡಿದ್ದು ಬಾನೆಟ್‌ನಿಂದ ಹೊಗೆ ತರ ಹಬೆ ಬಂದ ಮೇಲೆ. ಗಾಡಿ ನಿಲ್ಲಿಸಿ, ನಮ್ಮಲ್ಲೊಬ್ಬ ಧೈರ್ಯಶಾಲಿ ಕರ್ಚೀಫ್ ಸುತ್ತಿಕೊಂಡು ಬಿಸಿ ರೇಡಿಯೇಟರ್‌ನ ಮುಚ್ಚಳ ತೆಗೆಯೋಕೆ ಕೈ ಹಾಕಿದ. ಹಿಂದೆ ನಿಂತ ಲಾರಿಯ ಡ್ರೈವರಣ್ಣ ಓಡಿ ಬಂದು ಅವನ ಕೈ ಎಳೆದರು. ಇಲ್ಲದಿದ್ರೆ ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತಿತ್ತು. ಮುಕ್ಕಾಲು ಗಂಟೆ ಕಾಯಿಸಿ, ಆಮೇಲೆ ಅವರೇ ಬಗ್ಗಿ ನೋಡಿದರು. ರೇಡಿಯೇಟರ್ ಪೈಪಿನ ಕ್ಲಿಪ್ ಲೂಸ್ ಆಗಿ ಕೂಲೆಂಟ್ ಎಲ್ಲಾ ಸೋರಿಹೋಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ನಾಲ್ಕು ಸುತ್ತು ಬಿಗಿ ಮಾಡಿ, ನೀರು ತುಂಬಿ, ಮುಳ್ಳು ನೋಡ್ಕೊಂಡು ಹೋಗಿ ಅಂತ ಕಳಿಸಿದರು. ಹೋಗುವಾಗ ಏನು ಓದ್ತಿದೀರಪ್ಪಾ ಅಂತ ಕೇಳಿದರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಂತ ಹೇಳೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಆಟೋ ಸೈಕಲ್‌ನ ಪಿ-ವಿ ಡಯಾಗ್ರಾಂ ಕಣ್ಣು ಮುಚ್ಚಿ ಬಿಡಿಸೋ ನಮಗೆ ಒಂದು ಕ್ಲಿಪ್ ಕಾಣಲಿಲ್ಲ. ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ದೊಡ್ಡ ಜಗಳ. ತಪ್ಪು ಸರ್ವೀಸ್ ಮಾಡಿದವರದ್ದಾ, ನಮ್ಮದಾ? ಗಾಡಿಯನ್ನು ಮೆಕ್ಯಾನಿಕ್ ಮೇಲೆ ನಂಬಿಕೆ ಇಟ್ಟು ಬಿಡಬೇಕಾ, ನಾವೇ ಕೈ ಮಸಿ ಮಾಡ್ಕೊಳ್ಳಬೇಕಾ? ಈ ಜಗಳದ ಮಧ್ಯೆ ಸಿಕ್ಕಿದವರೇ ಬರ್ತಾ. ಕಾರಿನಲ್ಲಿ ಮೊದಲ ಸಲ ದೂರದ ಊರಿಗೆ ಹೋದವರು ಅವರು. ಆಗ ಜಗತ್ತಿನಲ್ಲಿ ಕಾರ್ ಮೆಕ್ಯಾನಿಕ್ ಅನ್ನೋ ಕೆಲಸವೇ ಇರಲಿಲ್ಲ. ಹಾಗಾದ್ರೆ ಗಾಡಿ ಕೆಟ್ಟಾಗ ಅವರು ಏನು ಮಾಡಿದರು?

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆ ಕಟ್ಟಡ ಕಟ್ಟಿಸುವ ಕೆಲಸದಲ್ಲಿ ಚೆನ್ನಾಗಿ ದುಡ್ಡು ಮಾಡಿದವರು. ಇವರು ಹುಟ್ಟಿದಾಗ, ಮತ್ತೆ ಹೆಣ್ಣೇ ಆಯ್ತಲ್ಲ ಅಂತ ಮನೆಯ ಬೈಬಲ್‌ನಲ್ಲಿ ಬೇಜಾರಿನಿಂದ ಬರೆದಿಟ್ಟಿದ್ದರು ಅಂತ ಒಂದು ಕಥೆ ಇದೆ. ನಮ್ಮ ಕಡೆಯೂ ಇಂಥ ಬೇಜಾರು ಕೇಳದವರು ಯಾರಿದ್ದಾರೆ? ಬರ್ತಾಗೆ ಮಾತ್ರ ಯಂತ್ರಗಳು ಅಂದ್ರೆ ಚಿಕ್ಕಂದಿನಿಂದ ಕುತೂಹಲ. ಆದರೆ ಅವರಿದ್ದ ಬಾಡೆನ್ ರಾಜ್ಯದ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1900ರಲ್ಲಿ. ಅಷ್ಟು ಹೊತ್ತಿಗೆ ಬರ್ತಾಗೆ ಐವತ್ತು ದಾಟಿತ್ತು. ಅಂದ್ರೆ ನಾವು ನಿದ್ದೆ ಮಾಡುವ ಬೆಂಚಿನ ಮೇಲೆ ಕೂರೋಕೂ ಅವರಿಗೆ ಅವಕಾಶ ಇರಲಿಲ್ಲ.

1869ರಲ್ಲಿ ಅವರಿಗೆ ಕಾರ್ಲ್ ಬೆಂಜ್ ಪರಿಚಯವಾಯಿತು. ಕಾರ್ಲ್ ಓದಿದ್ದ ಇಂಜಿನಿಯರ್, ತಲೆ ತುಂಬ ಐಡಿಯಾ, ಜೇಬು ಖಾಲಿ. ಪಾರ್ಟ್‌ನರ್ ಜೊತೆ ಮನ್‌ಹೈಮ್‌ನಲ್ಲಿ ಶುರು ಮಾಡಿದ ವರ್ಕ್‌ಶಾಪ್ ಮುಳುಗುವ ಸ್ಥಿತಿಗೆ ಬಂದಾಗ, ಬರ್ತಾ ಮದುವೆಗೆ ಮೊದಲೇ ತನ್ನ ವರದಕ್ಷಿಣೆ ಹಣವನ್ನು ತಂದೆಯಿಂದ ಪಡೆದು ಅದಕ್ಕೆ ಹಾಕಿದರು. ಆ ಹಣದಲ್ಲಿ ಪಾರ್ಟ್‌ನರ್‌ನ ಪಾಲು ಬಿಡಿಸಿಕೊಂಡದ್ದಾಯಿತು. 1872ರಲ್ಲಿ ಮದುವೆ. ಅಂದಿನ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿಗೆ ತನ್ನ ಹಣದ ಮೇಲೆ, ವ್ಯವಹಾರದ ಮೇಲೆ ಸ್ವಂತ ಅಧಿಕಾರ ಉಳಿಯುತ್ತಿರಲಿಲ್ಲ. ದುಡ್ಡು ಅವರದು, ಹೆಸರು ಗಂಡನದು.

ಆಮೇಲಿನ ವರ್ಷಗಳು ಕಷ್ಟದವು. ಸಾಲ, ಮಕ್ಕಳು, ಓಡದ ಇಂಜಿನ್. 1879ರ ಕೊನೆಯ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ, ಗಂಡ ಹೆಂಡತಿ ವರ್ಕ್‌ಶಾಪಿಗೆ ಹೋಗಿ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡಿದರು. ಅವತ್ತು ಕಾರ್ಲ್‌ನ ಟೂ-ಸ್ಟ್ರೋಕ್ ಇಂಜಿನ್ ನಿಲ್ಲದೆ ಓಡಿತು. ಅಲ್ಲಿಂದ 1886ರ ಜನವರಿ 29ಕ್ಕೆ ಬಂದರೆ, ಪೆಟ್ರೋಲ್ ಇಂಜಿನ್‌ನಿಂದ ಓಡುವ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ. ಪೇಟೆಂಟ್ ನಂಬರ್ 37435. ಒಂದೇ ಸಿಲಿಂಡರ್, 954 ಸಿಸಿ, ಮುಕ್ಕಾಲು ಹಾರ್ಸ್‌ಪವರ್, ವೇಗ ಗಂಟೆಗೆ ಸುಮಾರು 16 ಕಿ.ಮೀ. ನಮ್ಮ ಕಾಲೇಜಿನ ಹಿಂದೆ ಹೋಗೋ ಟಿವಿಎಸ್ ಎಕ್ಸೆಲ್ ಇದನ್ನ ಆರಾಮಾಗಿ ಓವರ್‌ಟೇಕ್ ಮಾಡುತ್ತೆ.

ಗಾಡಿ ಬಂತು, ಕೊಳ್ಳೋರು ಬರಲಿಲ್ಲ. ಕುದುರೆ ಇಲ್ಲದೆ ಓಡೋ ಗಾಡಿಯನ್ನು ಜನ ನಂಬಲಿಲ್ಲ. ಕಾರ್ಲ್ ಸ್ವಭಾವವೂ ನಮ್ಮ ಪ್ರಾಜೆಕ್ಟ್ ಗ್ರೂಪಿನ ಒಬ್ಬನ ತರ: ಇನ್ನೂ ಸ್ವಲ್ಪ ಸರಿ ಮಾಡ್ಬೇಕು, ಇನ್ನೂ ಸ್ವಲ್ಪ ಟೆಸ್ಟ್ ಮಾಡ್ಬೇಕು, ಡೆಮೋ ಮಾತ್ರ ಬೇಡ. ಗಾಡಿಯನ್ನು ದೂರ ಓಡಿಸಿ ತೋರಿಸದೆ ಯಾರೂ ನಂಬಲ್ಲ ಅನ್ನೋದು ಬರ್ತಾಗೆ ಗೊತ್ತಿತ್ತು. ಅದರೊಳಗೆ ತನ್ನ ವರದಕ್ಷಿಣೆ ಹಣವೂ ಇತ್ತು, ಹದಿನೈದು ವರ್ಷದ ಸಂಸಾರವೂ ಇತ್ತು.

1888ರ ಆಗಸ್ಟ್. ಶಾಲೆಗೆ ರಜೆ. ಒಂದು ಬೆಳಗ್ಗೆ ಕಾರ್ಲ್ ಏಳುವ ಮೊದಲೇ ಬರ್ತಾ ತಮ್ಮ ದೊಡ್ಡ ಮಕ್ಕಳಿಬ್ಬರನ್ನು, 15ರ ಓಯ್ಗೆನ್ ಮತ್ತು 13ರ ರಿಚರ್ಡ್‌ನನ್ನು, ಕರೆದುಕೊಂಡು ಗಾಡಿಯನ್ನು ಹೊರಗೆ ತೆಗೆದರು. ಗಂಡನಿಗೆ ಮೊದಲು ಹೇಳಿರಲಿಲ್ಲ. ಹೊರಟದ್ದು ತವರಿಗೆ, ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 106 ಕಿ.ಮೀ. ಹಿರಿಯೂರಿಂದ ಚಿತ್ರದುರ್ಗ ದಾಟಿ ದಾವಣಗೆರೆ ಮುಟ್ಟಿದಷ್ಟು ದೂರ ಅಂತ ಇಟ್ಕೊಳ್ಳಿ. ಆದರೆ ಹೈವೇ ಇಲ್ಲ, ಟಾರ್ ಇಲ್ಲ, ಬಂಕ್ ಇಲ್ಲ. ಗಾಡಿ ಚಕ್ರದ ಜಾಡು ಬಿದ್ದ ಮಣ್ಣು ರಸ್ತೆ. ಅದುವರೆಗೆ ಕಾರು ಓಡಿದ್ದೆಲ್ಲ ಊರ ಸುತ್ತಮುತ್ತ, ಅಷ್ಟೇ.

ಇಲ್ಲಿಂದ ಗಮನ ಇಟ್ಟು ಓದಿ, ನಮ್ಮ ಜಗಳಕ್ಕೆ ಉತ್ತರ ಇಲ್ಲೇ ಇದೆ.

ಮೊದಲನೆಯದು ನೀರು. ಆ ಇಂಜಿನ್‌ನಲ್ಲಿ ನಮ್ಮ ಹಾಗೆ ರೇಡಿಯೇಟರ್ ಇರಲಿಲ್ಲ. ಇಂಜಿನ್ ಬಿಸಿಗೆ ನೀರು ಆವಿಯಾಗಿ ಹೋಗುತ್ತಿತ್ತು, ಹಾಗೆಯೇ ಇಂಜಿನ್ ತಣ್ಣಗಾಗುತ್ತಿತ್ತು. ಆದ್ದರಿಂದ ದಾರಿಯುದ್ದಕ್ಕೂ ಸಿಕ್ಕ ಕಡೆಯೆಲ್ಲ ನೀರು ತುಂಬಿಸಬೇಕು. ಬರ್ತಾ ಮತ್ತು ಮಕ್ಕಳು ಅದನ್ನು ಮರೆಯದೆ ಮಾಡಿದರು. ಹೊಸದುರ್ಗ ರಸ್ತೆಯಲ್ಲಿ ನಮ್ಮ ಕೈಲಿ ಆಗದಿದ್ದದ್ದು ಇದೇ ನೋಡಿ. 1888ರಲ್ಲೇ ಕಾಲೇಜು ಮೆಟ್ಟಿಲು ಹತ್ತದ ಒಬ್ಬ ತಾಯಿ, ನೀರು ಎಲ್ಲಿ ಹೋಗುತ್ತೆ ಅಂತ ತಿಳ್ಕೊಂಡು ಗಾಡಿ ಹತ್ತಿದ್ದರು.

ಎರಡನೆಯದು ಇಂಧನ. ಗಾಡಿಗೆ ಬೇರೆ ಟ್ಯಾಂಕ್ ಇಲ್ಲ, ಕಾರ್ಬ್ಯುರೇಟರ್‌ನಲ್ಲೇ ನಾಲ್ಕೂವರೆ ಲೀಟರ್ ಹಿಡಿಯುತ್ತಿತ್ತು. ಅದು ಖಾಲಿಯಾಗುತ್ತಾ ಬಂದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡರು. ಅದು ಪೆಟ್ರೋಲಿಯಂನಿಂದ ಬರುವ ದ್ರವ, ಆಗ ಮೆಡಿಕಲ್ ಶಾಪ್‌ಗಳಲ್ಲೇ ಸಿಗುತ್ತಿತ್ತು. ಇವತ್ತು ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತಾರೆ.

ಮೂರನೆಯದು ಬ್ಲಾಕ್ ಆದ ಪೈಪ್. ಇಂಧನದ ಪೈಪ್ ಕಸ ಕಟ್ಟಿಕೊಂಡು ಇಂಜಿನ್ ನಿಂತಾಗ ಬರ್ತಾ ತಮ್ಮ ಟೋಪಿಯ ಉದ್ದನೆಯ ಪಿನ್ ತೆಗೆದು ಚುಚ್ಚಿ ಸರಿ ಮಾಡಿದರು. ಇಗ್ನಿಷನ್ ವೈರ್ ಸವೆದು ಇನ್ಸುಲೇಷನ್ ಹೋದಾಗ, ಕಾಲುಚೀಲ ಜಾರದ ಹಾಗೆ ಕಟ್ಟುವ ಗಾರ್ಟರ್ ಬಿಚ್ಚಿ ಅದಕ್ಕೆ ಸುತ್ತಿದರು. ಇದು ಬರೀ ಜುಗಾಡ್ ಅಲ್ಲ. ಕರೆಂಟ್ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಅಂತ ಗೊತ್ತಿದ್ದವರಿಗೆ ಮಾತ್ರ ಗಾರ್ಟರ್ ನೆನಪಾಗುತ್ತೆ.

ಆದರೆ ಎಲ್ಲವನ್ನೂ ಅವರೇ ಮಾಡಲಿಲ್ಲ. ಚೈನ್ ತೊಂದರೆ ಕೊಟ್ಟಾಗ ಬ್ರುಖ್ಸಾಲ್‌ನಲ್ಲಿ ಕಮ್ಮಾರನ ಹತ್ತಿರ ಹೋದರು. ಕಾದ ಕಬ್ಬಿಣ ಅವರ ಕೈಕೆಲಸ ಅಲ್ಲ, ಕಮ್ಮಾರನದು. ಇಳಿಜಾರುಗಳಲ್ಲಿ ಮರದ ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವನ ಹತ್ತಿರ ನಿಲ್ಲಿಸಿ ಬ್ರೇಕಿಗೆ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗ್ ಅಂತ ನಾವು ಇವತ್ತು ಓದ್ತೀವಲ್ಲ, ಅದರ ಶುರುವಾತು ಇಲ್ಲೇ. ಆ ಚಮ್ಮಾರ ಜನ್ಮದಲ್ಲಿ ಕಾರು ನೋಡಿರಲಿಲ್ಲ, ಬರ್ತಾಗೆ ಚರ್ಮ ಹೊಡೆಯೋಕೆ ಬರ್ತಿರಲಿಲ್ಲ. ಏನು ಬೇಕು, ಎಲ್ಲಿ ಬೇಕು, ಯಾಕೆ ಬೇಕು ಅಂತ ಬರ್ತಾ ಹೇಳಿದರು. ಹೇಗೆ ಅನ್ನೋದನ್ನ ಅವನಿಗೆ ಬಿಟ್ಟರು.

ಏರು ಬಂದಾಗ ಗಾಡಿ ಹತ್ತಲಿಲ್ಲ. ಮಕ್ಕಳು ಇಳಿದು ತಳ್ಳಿದರು. ಕತ್ತಲಾಗೋ ಹೊತ್ತಿಗೆ ಫೋರ್ಟ್ಸ್‌ಹೈಮ್ ಮುಟ್ಟಿ ಕಾರ್ಲ್‌ಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನದ ಮೇಲೆ ಬೇರೆ ದಾರಿಯಲ್ಲಿ ವಾಪಸ್ ಬಂದರು.

ವಾಪಸ್ ಬಂದವರು ಫೋಟೋ ಹಾಕ್ಕೊಂಡು ಸುಮ್ಮನಾಗಲಿಲ್ಲ (ಆಗ ಸ್ಟೇಟಸ್ ಇರಲಿಲ್ಲ ಬಿಡಿ). ಎಲ್ಲೆಲ್ಲಿ ಏನೇನು ಕೈ ಕೊಟ್ಟಿತು ಅಂತ ಗಂಡನಿಗೆ ಹೇಳಿದರು. ಏರಿಗಾಗಿ ಕಾರ್ಲ್ ಇನ್ನೊಂದು ಗೇರ್ ಸೇರಿಸಿದರು. ಲೋ ಗೇರ್ ಹಾಕಿ ಗಾಡಿಯನ್ನು ಏರು ಹತ್ತಿಸುವಾಗೆಲ್ಲ ಆ ಹುಡುಗರು ತಳ್ಳಿದ್ದು ನಮಗೆ ನೆನಪಾಗಬೇಕು. ಅದೇ ವರ್ಷ ಮ್ಯೂನಿಕ್‌ನ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. ನಿಧಾನಕ್ಕೆ ಗಿರಾಕಿಗಳೂ ಬಂದರು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷದಲ್ಲಿ 572 ಗಾಡಿ ಮಾಡಿತು, ಆಗ ಜಗತ್ತಿನಲ್ಲೇ ದೊಡ್ಡ ಕಾರು ಕಂಪನಿ ಅದು.

ಉಳಿದ ಜೀವನವನ್ನು ಬೇಗ ಹೇಳ್ತೀವಿ. 1903ರಲ್ಲಿ ಕಾರ್ಲ್ ಕಂಪನಿಯ ಆಡಳಿತದಿಂದ ಹೊರಬಂದರು. ಸಂಸಾರ ಲಾಡೆನ್‌ಬರ್ಗ್‌ಗೆ ಹೋಯಿತು, ಅಲ್ಲಿ ಮಕ್ಕಳ ಜೊತೆ ಇನ್ನೊಂದು ಕಂಪನಿ. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದವು. 1929ರಲ್ಲಿ ಕಾರ್ಲ್ ತೀರಿಕೊಂಡರು. ಬರ್ತಾ ಆಮೇಲೆ ಹದಿನೈದು ವರ್ಷ ಬದುಕಿದರು. 1944ರ ಮೇ 3ರಂದು, ಅವರ 95ನೇ ಹುಟ್ಟುಹಬ್ಬಕ್ಕೆ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಕಾರ್ಲ್ ಓದಿದ್ದ ಜಾಗ ಅದು. ಬರ್ತಾ ಹುಡುಗಿಯಾಗಿದ್ದಾಗ ಒಳಗೆ ಬಿಡದಿದ್ದ ಜಾಗ. ಎರಡು ದಿನದ ಮೇಲೆ, ಮೇ 5ರಂದು, ಅವರು ಹೋದರು. ಅವರು ಹೋದ ದಾರಿಯನ್ನು ಜರ್ಮನಿಯಲ್ಲಿ 2008ರಿಂದ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ ಕರೀತಾರೆ, ಹೋಗಿ ಬರೋದು ಸೇರಿ ಸುಮಾರು 194 ಕಿ.ಮೀ.

ಈಗ ನಮ್ಮ ಹಾಸ್ಟೆಲ್ ಜಗಳಕ್ಕೆ ವಾಪಸ್ ಬರೋಣ. ಬರ್ತಾ ಕಥೆ ಓದಿದ ಮೇಲೆ ನಮಗೆ ಅನಿಸಿದ್ದು, ನಾವು ಕೇಳಿದ ಪ್ರಶ್ನೆಯೇ ತಪ್ಪು. ಮೆಕ್ಯಾನಿಕ್ಕಾ, ನಾವಾ ಅಂತ ಅಲ್ಲ. ಗಾಡಿ ನಮಗೆ ಗೊತ್ತಾ ಅಂತ ಕೇಳ್ಬೇಕಿತ್ತು. ಗೊತ್ತಿಲ್ಲದೆ ಇಟ್ಟ ನಂಬಿಕೆ ನಂಬಿಕೆ ಅಲ್ಲ, ಸೋಮಾರಿತನ. ಹಾಗಂತ ಗೊತ್ತಿಲ್ಲದೆ ಬಿಸಿ ಮುಚ್ಚಳಕ್ಕೆ ಕೈ ಹಾಕೋದು ಧೈರ್ಯವೂ ಅಲ್ಲ. ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಹೈವೇ ಪಕ್ಕದಲ್ಲಿ ಪಂಚರ್, ವೆಲ್ಡಿಂಗ್, ಲೇತ್ ಅಂಗಡಿಗಳಲ್ಲಿ ಕೂತಿರೋ ಅಣ್ಣಂದಿರ ಕೈಗೆ ಬಂದಿರೋ ವಿದ್ಯೆ ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಇಲ್ಲ. ಅವರ ಹತ್ತಿರ ಹೋಗಲೇಬೇಕು. ಆದರೆ ಬರ್ತಾ ಹೋದ ಹಾಗೆ ಹೋಗಬೇಕು, ಏನಾಗಿದೆ ಅಂತ ಸ್ವಲ್ಪವಾದರೂ ತಿಳ್ಕೊಂಡು, ಪಕ್ಕದಲ್ಲಿ ನಿಂತು ನೋಡ್ತಾ, ಕೇಳ್ತಾ.

ಅದಕ್ಕೆ ನಾವು ನಾಲ್ಕು ಜನ ಒಂದು ನಿಯಮ ಮಾಡ್ಕೊಂಡಿದ್ದೇವೆ. ದೂರ ಹೊರಡುವ ಮೊದಲು, ಇಂಜಿನ್ ತಣ್ಣಗಿರುವಾಗ, ಕೂಲೆಂಟ್ ಮಟ್ಟ, ಆಯಿಲ್ ಡಿಪ್‌ಸ್ಟಿಕ್, ಟೈರ್ ಗಾಳಿ, ಲೈಟು, ಇಷ್ಟು ನಾವೇ ನೋಡ್ತೀವಿ. ಹತ್ತು ನಿಮಿಷದ ಕೆಲಸ. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಮುಟ್ಟಲ್ಲ, ಅದು ಕಲಿತವರ ಕೆಲಸ. ಬಿಲ್ಲಿನ ಟಿಕ್ ನೋಡಿದ ಮೇಲೂ ಬಾನೆಟ್ ಎತ್ತಿ ನೋಡ್ತೀವಿ. ಮೆಕ್ಯಾನಿಕ್ ಮೇಲೆ ಅನುಮಾನ ಪಟ್ಟು ಅಲ್ಲ. ಆ ಗಾಡಿಯೊಳಗೆ ಕೂರೋರು ನಾವು ಅನ್ನೋ ಕಾರಣಕ್ಕೆ.

ಮೊನ್ನೆ ಮತ್ತೆ ಅದೇ ರೌಂಡ್ ಹೋಗಿದ್ದೆವು, ಈ ಸಲ ಡ್ಯಾಂ ನೋಡಿಯೇ ಬಂದೆವು. ಹೊಸದುರ್ಗ ದಾಟಿದ ಮೇಲೆ ನಾಲ್ಕೂ ಜನರ ಕಣ್ಣು ರಸ್ತೆಗಿಂತ ಆ ಮುಳ್ಳಿನ ಮೇಲೇ ಇತ್ತು (ಓಡಿಸ್ತಿದ್ದವನನ್ನು ಬೈದು ರಸ್ತೆ ನೋಡಿಸಿದೆವು). ಆ ಲಾರಿ ಅಣ್ಣ ಮತ್ತೆ ಸಿಗಲಿಲ್ಲ. ಸಿಕ್ಕಿದ್ರೆ ಈ ಸಲ ಏನು ಓದ್ತಿದೀವಿ ಅಂತ ಧೈರ್ಯವಾಗಿ ಹೇಳ್ತಿದ್ದೆವು.

ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಗಾಡಿಯಲ್ಲಿ ತಪ್ಪಿದ್ದರೆ ಮಾತ್ರ ಹೊಟ್ಟೆಗೆ ಹಾಕ್ಕೊಳ್ಳಬೇಡಿ, ಬಾನೆಟ್ ಎತ್ತಿ ನೋಡಿ.