ವಾಗ್ಮಿ ಹರ್ಡೇಕರ ಮಂಜಪ್ಪನವರು

ಸಭೆಯಲ್ಲಿ ಮಾತನಾಡುವವನಿಗೆ ಕಂಠವೂ ಪದಸಂಪತ್ತೂ ಬೇಕು. ಅವೆರಡಕ್ಕಿಂತ ಮೊದಲು ಕೇಳುವವರ ನಂಬಿಕೆ ಬೇಕು. ಕರ್ನಾಟಕದ ಗಾಂಧಿ ಎನಿಸಿದ ಹರ್ಡೇಕರ ಮಂಜಪ್ಪನವರ ಬಾಳು ಇದಕ್ಕೆ ಸಾಕ್ಷಿಯಾಗಿದೆ.

೧೮೮೬ರಲ್ಲಿ ಬನವಾಸಿಯ ಬಡಕುಟುಂಬದಲ್ಲಿ ಜನಿಸಿದ ಅವರು ಶಿರಸಿಯಲ್ಲಿ ಶಿಕ್ಷಕರಾಗಿದ್ದರು. ಆ ವೃತ್ತಿಯನ್ನು ತೊರೆದು ೧೯೦೬ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಆರಂಭಿಸಿದರು. ಆದರೆ ಅಕ್ಷರವರಿಯದವರಿಗೆ ಪತ್ರಿಕೆ ಮುಟ್ಟುವುದೆಂತು? ಅವರನ್ನು ಮುಟ್ಟಲು ಭಜನೆ, ಉಪನ್ಯಾಸಗಳೇ ದಾರಿಯಾದವು. ಭಜನೆ ಜನರನ್ನು ಒಂದೆಡೆ ಕೂಡಿಸಿತು. ಅನಂತರದ ಸರಳ ಕನ್ನಡದ ಮಾತು ಅವರನ್ನು ವಿಚಾರಕ್ಕೆ ಹಚ್ಚಿತು. ೧೯೧೩ರಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಅಲ್ಲಿಯೇ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ನಡೆಸಿದಾಗ, ಶರಣರ ತತ್ತ್ವವು ಮಠ ಮನೆಗಳಿಂದ ಬಯಲಿನ ಸಭೆಗೆ ಬಂದಿತು.

ಸಂಯಮವನ್ನು ಬೋಧಿಸಿದ ಅವರು ಆಜನ್ಮ ಬ್ರಹ್ಮಚಾರಿಗಳಾಗಿ ಬಾಳಿದರು. ಖಾದಿಯನ್ನು ಸಾರಿದವರು ಖಾದಿಯನ್ನೇ ಉಟ್ಟರು. ೧೯೨೭ರಲ್ಲಿ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ, ಕೃಷ್ಣೆಯ ದಡದಲ್ಲಿ, ವಿದ್ಯಾಲಯವನ್ನು ಸ್ಥಾಪಿಸಿ ತಮ್ಮ ಉಪದೇಶಕ್ಕೆ ನೆಲೆಯೊಂದನ್ನು ಕಲ್ಪಿಸಿದರು. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುನ್ನ, ೧೯೪೭ರ ಜನವರಿಯಲ್ಲಿ ಲಿಂಗೈಕ್ಯರಾದರು.

ಮಹಾನಗರದ ವೇದಿಕೆಯಿರಲಿ, ಇಂಡಿ ಸೀಮೆಯ ಅಗರಖೇಡದಂಥ ಊರಿನ ಕಟ್ಟೆಯಿರಲಿ, ಮಾತನಾಡಲು ಏಳುವವನನ್ನು ಜನರು ಮೊದಲು ಅಳೆಯುವುದು ಅವನ ನಡತೆಯಿಂದ. ಆ ಅಳತೆಗೆ ನಿಂತ ಮಾತು ಅಲಂಕಾರವಿಲ್ಲದೆಯೂ ಹೃದಯವನ್ನು ಮುಟ್ಟುತ್ತದೆ; ನಿಲ್ಲದ ಮಾತು ಚಪ್ಪಾಳೆಯೊಡನೆಯೇ ಮುಗಿಯುತ್ತದೆ.