ಮುದ್ರೆ ಅವನದೇ, ಪತ್ರ ಅವನದಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟಿಗೆ ಒಬ್ಬ ಸೀನಿಯರ್ ಬಂದು ಇಆರ್‌ಪಿ ಬಗ್ಗೆ ಒಂದು ತಾಸು ಮಾತಾಡಿ ಹೋದ್ರು. ದೊಡ್ಡ ಕಂಪನಿಗಳಲ್ಲಿ ಸ್ಯಾಪ್, ಒರಾಕಲ್ ತರಹದ ಸಿದ್ಧ ಸಾಫ್ಟ್‌ವೇರ್ ಕೂಡ್ರಿಸೋದೇ ಅವರ ಕೆಲಸ. ಖರೀದಿ, ಗೋದಾಮು, ಪಗಾರ, ಲೆಕ್ಕಪತ್ರ ಎಲ್ಲವೂ ತಮ್ಮ ತಮ್ಮ ರಜಿಸ್ಟರ್ ಬಿಟ್ಟು ಒಂದೇ ಡೇಟಾಬೇಸಿಗೆ ಬರಬೇಕು. ಯಾರು ಯಾವಾಗ ಏನು ಮಾಡಿದ್ರು ಅನ್ನೋದು ಅಲ್ಲಿ ದಾಖಲಾಗಬೇಕು. ಕೇಳೋಕೆ ಇಷ್ಟೇ. ಆದ್ರೆ ಇಷ್ಟರಲ್ಲೇ ದೊಡ್ಡ ದೊಡ್ಡವರು ಮುಗ್ಗರಿಸಿದ್ದಾರೆ. 1999ರಲ್ಲಿ ಅಮೆರಿಕದ ಹರ್ಷೀಸ್ ಕಂಪನಿ ಗಡಿಬಿಡಿಯಲ್ಲಿ ಹೊಸ ವ್ಯವಸ್ಥೆ ಚಾಲೂ ಮಾಡಿ, ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಸುಮಾರು 10 ಕೋಟಿ ಡಾಲರಿನ ಆರ್ಡರುಗಳನ್ನು ಅಂಗಡಿಗಳಿಗೆ ಮುಟ್ಟಿಸಲಾಗದೆ ಒದ್ದಾಡಿತು. ಚಾಕಲೇಟ್ ಗೋದಾಮಿನಲ್ಲೇ ಇತ್ತು! ಕೋಡ್‌ಗಿಂತ ಮನುಷ್ಯರನ್ನು ಒಪ್ಪಿಸೋದೇ ಕಷ್ಟ ಅಂತ ಸೀನಿಯರ್ ಹೇಳಿದ್ದು ನಮ್ಮ ತಲೆಯಲ್ಲಿ ಉಳೀತು.

ನಾವು ಅಂದ್ರೆ ಮೂವರು. ಒಬ್ಬರ ಊರು ತಿಕೋಟಾ, ಒಬ್ಬರದು ಬಬಲೇಶ್ವರ, ಇನ್ನೊಬ್ಬರ ಮನೆ ವಿಜಯಪುರದಲ್ಲೇ. ಸಂಜೆ ಬಸ್ ಬರೋತನಕ ಚುರುಮರಿ ತಿನ್ನುತ್ತಾ ಮಾತಿಗೆ ಕೂತಾಗ ಒಂದು ಪ್ರಶ್ನೆ ಬಂತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟು ದೊಡ್ಡ ರಾಜ್ಯಗಳ ಲೆಕ್ಕ ಹೆಂಗ ಇಡ್ತಿದ್ರು? ಗೋಳಗುಮ್ಮಟದ ನೆರಳಲ್ಲಿ ಬೆಳೆದವರು ನಾವು, ಹಿಂಗಾಗಿ ಆದಿಲ್‌ಶಾಹಿಗಳ ಬಗ್ಗೆ ಲೈಬ್ರರಿಯಲ್ಲಿ ಪುಸ್ತಕ ತೆಗೆದೆವು. ಆದಿಲ್‌ಶಾಹಿಗಿಂತ ಒಂದು ಅಧ್ಯಾಯ ಹಿಂದೆ ನಮಗೆ ಸಿಕ್ಕವನು ಮಹಮೂದ್ ಗವಾನ್. ಶಾಲೆಯಲ್ಲಿ ಬೀದರ್ ಮದರಸಾ ಅಂತ ಎರಡು ಮಾರ್ಕಿಗೆ ಓದಿದ ಹೆಸರು. ಆದ್ರೆ ಅವನ ಪೂರ್ತಿ ಕಥೆ ಎರಡು ಮಾರ್ಕಿನದಲ್ಲ.

ಗವಾನ್ ನಮ್ಮ ಕಡೆಯವನೇ ಅಲ್ಲ. 1411ರಲ್ಲಿ ಪರ್ಷಿಯಾದ ಗಿಲಾನ್ ಪ್ರಾಂತದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಕಡೆ ಹುಟ್ಟಿದ. ಮನೆತನದವರು ಅಲ್ಲಿನ ಅರಸರ ಹತ್ತಿರ ಮಂತ್ರಿಗಳಾಗಿದ್ದವರು. ಅರಮನೆಯ ರಾಜಕೀಯ ಬಿಸಿಯಾದಾಗ ಊರು ಬಿಟ್ಟು ವ್ಯಾಪಾರಕ್ಕೆ ಇಳಿದ. 1453ರಲ್ಲಿ ಸರಕು ಹೇರಿಕೊಂಡು ಕೊಂಕಣದ ದಾಭೋಳ ಬಂದರಿಗೆ ಬಂದ. ಆಗಲೇ ವಯಸ್ಸು ನಲವತ್ತು ದಾಟಿತ್ತು. ಬೀದರ್‌ನಲ್ಲಿ ಒಬ್ಬ ಸೂಫಿ ಸಂತರನ್ನು ನೋಡಿಕೊಂಡು ದಿಲ್ಲಿಗೆ ಹೋಗಬೇಕು ಅನ್ನೋದು ಅವನ ಪ್ಲಾನ್ ಆಗಿತ್ತಂತೆ. ಬೀದರ್‌ಗೆ ಬಂದ, ದಿಲ್ಲಿಗೆ ಹೋಗಲೇ ಇಲ್ಲ.

ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಈ ಓದುಬರಹ ಬಲ್ಲ ವ್ಯಾಪಾರಿಯನ್ನು ಆಸ್ಥಾನದಲ್ಲೇ ಉಳಿಸಿಕೊಂಡ. 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್ ಷಾ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದ್ರೆ ವರ್ತಕರ ಒಡೆಯ, ಅಂತ ಬಿರುದು ಕೊಟ್ಟ. ಜೊತೆಗೆ ಬಿಜಾಪುರ ಪ್ರಾಂತದ ಆಡಳಿತವನ್ನೂ ಕೊಟ್ಟ. ಹೌದು, ನಮ್ಮ ಬಿಜಾಪುರವೇ. ಗುಮ್ಮಟ ಏಳೋಕೆ ಇನ್ನೂ ಇನ್ನೂರು ವರ್ಷ ಇತ್ತು.

ಹುಮಾಯೂನ್ 1461ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಮಗನಿಗೆ ಎಂಟು ವರ್ಷ. ರಾಜಮಾತೆ ಮಖ್ದೂಮಾ ಜಹಾನ್, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಮೂವರೂ ಕೂಡಿ ರಾಜ್ಯ ನಡೆಸಿದರು. ಮಾಳವದ ಸುಲ್ತಾನ ಬೀದರ್ ತನಕ ನುಗ್ಗಿ ಬಂದಾಗ ಗುಜರಾತಿನ ಸಹಾಯ ತಂದು ಅವನನ್ನು ಹಿಮ್ಮೆಟ್ಟಿಸಿದ್ದೂ ಇದೇ ಕಾಲದಲ್ಲಿ. ಆ ಹುಡುಗ 1463ರಲ್ಲೇ ತೀರಿಕೊಂಡ. ಅವನ ತಮ್ಮ ಮೂರನೇ ಮುಹಮ್ಮದ್ ಸುಲ್ತಾನನಾದ. ಮೂರು ವರ್ಷದ ನಂತರ ಗವಾನ್ ಪ್ರಧಾನಮಂತ್ರಿಯಾದ. ಮುಂದಿನ ಹದಿನೈದು ವರ್ಷ ಹೆಸರು ಸುಲ್ತಾನನದು, ಕೆಲಸ ಗವಾನನದು.

ಯುದ್ಧಗಳನ್ನು ಬೇಗ ಹೇಳಿ ಮುಗಿಸ್ತೀವಿ. ಕೊಂಕಣದ ಕೋಟೆಗಳು ಬಿದ್ದವು, 1472ರಲ್ಲಿ ಗೋವಾ ಬಂತು, ಆಮೇಲೆ ಬೆಳಗಾವಿ ಬಂತು. ಈಗ ರಾಜ್ಯ ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಯ ಕಡೆಗೆ ಹಬ್ಬಿತ್ತು. ಗೋವಾ ಗೆದ್ದ ವರ್ಷವೇ ಬೀದರ್‌ನಲ್ಲಿ ಅವನ ಮದರಸಾ ಕಟ್ಟಡ ಮುಗಿಯಿತು. ಮೂರು ಅಂತಸ್ತು, ಬಣ್ಣಬಣ್ಣದ ಹೆಂಚಿನ ಮಿನಾರು, ಪಾಠದ ಹಾಲ್‌ಗಳು, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಖೋಲಿಗಳು, 3000 ಹಸ್ತಪ್ರತಿಗಳ ಲೈಬ್ರರಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಾಸ್ಟೆಲ್ ಸಮೇತ ಒಂದು ಕ್ಯಾಂಪಸ್!

ಬೆಳಗಾವಿ ದಂಡಯಾತ್ರೆಯ ಹೊತ್ತಿನಲ್ಲೇ ರಾಜಮಾತೆ ತೀರಿಕೊಂಡಳು. ಇದನ್ನು ನೆನಪಿನಲ್ಲಿಡಿ. ಅದರ ಹಿಂದೆಯೇ ಮಳೆ ಕೈಕೊಟ್ಟು ದಖನ್ನಿಗೆಲ್ಲ ಭೀಕರ ಬರ ಬಂತು. ಬರ ಅಂದ್ರೇನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳೋದು ಬ್ಯಾಡ.

ಈಗ ಅಸಲಿ ವಿಷಯಕ್ಕೆ ಬರೋಣ. ರಾಜ್ಯ ಇಷ್ಟು ಬೆಳೆದರೂ ಅದನ್ನು ನಡೆಸೋ ವ್ಯವಸ್ಥೆ ನೂರು ವರ್ಷ ಹಳೆಯದು. ರಾಜ್ಯವೆಲ್ಲಾ ನಾಲ್ಕು ತರಫ್: ಗುಲ್ಬರ್ಗಾ, ದೌಲತಾಬಾದ್, ಬೇರಾರ್, ತೆಲಂಗಾಣ. ತರಫ್ ಅಂದ್ರೆ ಪ್ರಾಂತ. ಅದರ ಮುಖ್ಯಸ್ಥ ತರಫ್‌ದಾರ. ಕಂದಾಯ ಎತ್ತೋದು ಅವನೇ, ಸೈನಿಕರನ್ನು ಇಡೋದು ಅವನೇ, ಕೋಟೆಗಳೂ ಅವನವೇ. ಬೀದರ್‌ಗೆ ಅವನು ಹೇಳಿದ್ದೇ ಲೆಕ್ಕ. ಒಂದೇ ಕಂಪನಿಯಲ್ಲಿ ನಾಲ್ಕು ಡೇಟಾಬೇಸ್, ಒಂದಕ್ಕೊಂದು ಕನೆಕ್ಷನ್ ಇಲ್ಲ, ಅಡ್ಮಿನ್ ಪಾಸ್‌ವರ್ಡ್ ನಾಲ್ಕು ಮಂದಿಯ ಕಿಸೆಯಲ್ಲಿ!

ಗವಾನ್ ಇದನ್ನು ಬುಡದಿಂದ ಬದಲಿಸಿದ. ನಾಲ್ಕು ತರಫ್ ಒಡೆದು ಎಂಟು ಮಾಡಿದ. ಗುಲ್ಬರ್ಗಾದಿಂದ ಬಿಜಾಪುರ ಬೇರೆಯಾಯ್ತು, ದೌಲತಾಬಾದಿನಿಂದ ಜುನ್ನರ್. ಬೇರಾರ್ ಹೋಗಿ ಗಾವಿಲ್ ಮತ್ತು ಮಾಹೂರ್ ಆಯ್ತು, ತೆಲಂಗಾಣ ಹೋಗಿ ವಾರಂಗಲ್ ಮತ್ತು ರಾಜಮಹೇಂದ್ರಿ ಆಯ್ತು. ಪ್ರತಿ ತರಫಿನಲ್ಲೂ ಒಂದಿಷ್ಟು ಭೂಮಿಯನ್ನು ನೇರ ಸುಲ್ತಾನನ ಖಜಾನೆಗೆ ಸೇರಿಸಿದ. ತರಫ್‌ದಾರನಿಗೆ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಕೇಂದ್ರದಿಂದ ಕಿಲ್ಲೇದಾರರು. ಜಮೀನು ಅಳೆಸಿ ಕಂದಾಯ ಗೊತ್ತು ಮಾಡಿಸಿದ. ನಮ್ಮ ಬಿಜಾಪುರ ತರಫನ್ನು ತನ್ನ ಕೈಯಲ್ಲೇ ಇಟ್ಟುಕೊಂಡ.

ನಮಗೆ ಬಹಳ ಹಿಡಿಸಿದ್ದು ಪಗಾರದ ನಿಯಮ. 500 ಸೈನಿಕರನ್ನು ಇಡುವ ಸರದಾರನಿಗೆ ವರ್ಷಕ್ಕೆ 1 ಲಕ್ಷ ಹೊನ್ನು, ಆಮೇಲೆ ಅದು 1.25 ಲಕ್ಷ ಆಯ್ತು. ಆದರೆ ತಲೆ ಎಣಿಸಿದಾಗ 500ಕ್ಕೆ ಎಷ್ಟು ಕಡಿಮೆ ಬಂತೋ ಅಷ್ಟು ಕಟ್. ಅಲ್ಲೀತನಕ ಕಾಗದದ ಮೇಲೆ 500 ತೋರಿಸಿ ಕಡಿಮೆ ಜನ ಇಟ್ಟವರಿಗೆ ಇದು ಬಿಸಿ ಮುಟ್ಟಿಸಿರಬೇಕು. ಪ್ರಾಕ್ಸಿ ಅಟೆಂಡೆನ್ಸ್ ನಾವು ಕಂಡುಹಿಡಿದದ್ದಲ್ಲ ಅಂತಾಯ್ತು.

ವ್ಯವಸ್ಥೆಯೇನೋ ಸರಿಯಾಗಿತ್ತು. ಆದ್ರೆ ಜನ? ಆಗ ಆಸ್ಥಾನದಲ್ಲಿ ಎರಡು ಗುಂಪು. ಇಲ್ಲೇ ನೆಲೆನಿಂತ ದಖನಿಗಳು ಒಂದು ಕಡೆ, ಪರ್ಷಿಯಾ ಮುಂತಾದ ಕಡೆಯಿಂದ ಬಂದ ಅಫಾಕಿಗಳು ಇನ್ನೊಂದು ಕಡೆ. ಗವಾನ್ ತಾನು ಅಫಾಕಿಯಾದರೂ ಎರಡೂ ಕಡೆಯವರಿಗೆ ದೊಡ್ಡ ಹುದ್ದೆ ಹಂಚಿದ. ಅಷ್ಟು ಸಾಲಲಿಲ್ಲ. ದಖನಿಗಳ ಮುಖಂಡ ಮಲಿಕ್ ಹಸನ್‌ಗೆ ಇಡೀ ತೆಲಂಗಾಣ ಇತ್ತು. ಈಗ ರಾಜಮಹೇಂದ್ರಿ ಅಷ್ಟೇ ಉಳೀತು. ಹೊಸ ವ್ಯವಸ್ಥೆಯಿಂದ ರಾಜ್ಯಕ್ಕೆ ಲಾಭ ಇರಬಹುದು, ಅವನ ಕಣ್ಣಿಗೆ ಕಂಡದ್ದು ಹೋದ ಅರ್ಧ ಮಾತ್ರ. ಸೀನಿಯರ್ ಹೇಳಿದ್ದ ಇನ್ನೊಂದು ಮಾತು ಇಲ್ಲಿ ನೆನಪಾಯ್ತು. ಇಆರ್‌ಪಿ ಪ್ರಾಜೆಕ್ಟಿನ ಬೆನ್ನಿಗೆ ಮೇಲಿನ ಒಬ್ಬ ದೊಡ್ಡ ಮನುಷ್ಯ ಗಟ್ಟಿಯಾಗಿ ನಿಲ್ಲಬೇಕು, ಅವರು ಹೋದ್ರೆ ಪ್ರಾಜೆಕ್ಟೂ ಹೋಗುತ್ತೆ. ಗವಾನನ ಬೆನ್ನಿಗಿದ್ದ ರಾಜಮಾತೆ ಆಗಲೇ ಹೋಗಿದ್ದಳು. ಉಳಿದವನು ಕುಡಿತಕ್ಕೆ ಬಿದ್ದ ಸುಲ್ತಾನ.

1481. ಸುಲ್ತಾನನ ಪಾಳೆಯ ಈಗಿನ ಆಂಧ್ರದ ಕೊಂಡಪಲ್ಲಿಯಲ್ಲಿತ್ತು. ಗವಾನನ ಮುದ್ರೆ ಇರುತ್ತಿದ್ದದ್ದು ಅವನ ಒಬ್ಬ ಸೇವಕನ ಹತ್ತಿರ. ವಿರೋಧಿಗಳು ಆ ಸೇವಕನ ಸ್ನೇಹ ಮಾಡಿದರು, ಉಡುಗೊರೆ ಕೊಟ್ಟರು, ಕುಡಿಸಿದರು. ಅಮಲಿನಲ್ಲಿದ್ದಾಗ ಒಂದು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ತಮಗೆ ಬೇಕಾದ್ದು ಬರೆದರು: ಒಡಿಶಾದ ಗಜಪತಿ ಅರಸನಿಗೆ, ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬಾ ಅನ್ನೋ ಅರ್ಥದ ಪತ್ರ. ಗವಾನ್‌ಗೆ ಆಪ್ತನಾಗಿದ್ದ ಯೂಸುಫ್ ಆದಿಲ್ ಖಾನ್ ಪಾಳೆಯದಲ್ಲಿ ಇಲ್ಲದ ಹೊತ್ತು ನೋಡಿ ಆ ಪತ್ರ ಸುಲ್ತಾನನ ಕೈಗೆ ಹೋಯ್ತು.

ಸುಲ್ತಾನ ಕರೆಸಿದ. ಹೋಗಬೇಡ ಅಂತ ಸ್ನೇಹಿತರು ತಡೆದರೂ ಗವಾನ್ ಹೋದ. ಪತ್ರ ತೋರಿಸಿದಾಗ ಮುದ್ರೆ ತನ್ನದೇ ಅಂತ ಒಪ್ಪಿದ, ಪತ್ರ ತನ್ನದಲ್ಲ ಅಂದ. ಪತ್ರ ಯಾರು ಬರೆದರು, ಯಾರು ಒಯ್ಯುತ್ತಿದ್ದರು, ಮುದ್ರೆ ಯಾವಾಗ ಬಿತ್ತು ಅಂತ ಯಾರೂ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಅಲ್ಲೇ ಅವನ ತಲೆ ತೆಗೆಸಿದರು. ಆಗ ಅವನಿಗೆ 70ರ ಹತ್ತಿರ.

ಅವನ ಖಜಾನೆಯಲ್ಲಿ ಭಾರಿ ಸಂಪತ್ತು ಸಿಗುತ್ತೆ ಅಂತ ಸುಲ್ತಾನ ಹುಡುಕಿಸಿದ. ಸಿಕ್ಕದ್ದು ಅತಿ ಕಡಿಮೆ. ಸರಕಾರದ ರೊಕ್ಕ ಸೈನ್ಯಕ್ಕೆ ಮತ್ತು ಬಡವರಿಗೆ ಹೋಗುತ್ತಿತ್ತು, ತನ್ನ ಊಟದ ಖರ್ಚನ್ನು ಅವನು ತನ್ನ ಹಳೆಯ ವ್ಯಾಪಾರದ ಲಾಭದಿಂದ ನಡೆಸುತ್ತಿದ್ದ ಅಂತ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಸುಲ್ತಾನ ಪಶ್ಚಾತ್ತಾಪ ಪಟ್ಟ, ಒಂದು ವರ್ಷದೊಳಗೆ ಅವನೂ ಸತ್ತ. ಮುಂದೆ ಹತ್ತು ವರ್ಷದಲ್ಲಿ ರಾಜ್ಯ ಬಿರುಕು ಬಿಟ್ಟಿತು. ಬೇರಾರ್, ಅಹ್ಮದ್‌ನಗರ, ಬಿಜಾಪುರ ಬೇರೆ ಬೇರೆಯಾದವು, ಕೊನೆಗೆ ಒಂದು ರಾಜ್ಯ ಐದಾಯ್ತು. ಬಿಜಾಪುರದಲ್ಲಿ 1490ರ ಹೊತ್ತಿಗೆ ಸ್ವತಂತ್ರನಾದವನು ಅದೇ ಯೂಸುಫ್ ಆದಿಲ್ ಖಾನ್. ನಮ್ಮ ಊರಿನ ದೊಡ್ಡ ಕಥೆ ಶುರುವಾಗೋದು ಗವಾನನ ಕಥೆ ಮುಗಿದ ಮೇಲೆ.

ನಾವು ಮೂವರೂ ಇದರ ಮೇಲೆ ಬಹಳ ವಾದ ಮಾಡಿದೆವು. ಬಬಲೇಶ್ವರದವರ ಪ್ರಕಾರ ತಪ್ಪು ಗವಾನನದು: ಕಳೆದುಕೊಳ್ಳುವವರನ್ನು ಮೊದಲು ಒಪ್ಪಿಸದೆ ಮೇಲಿನಿಂದ ಹೇರಿದ. ವಿಜಯಪುರದವರ ಪ್ರಕಾರ ತಪ್ಪು ಕೇಳದೆ ಕೊಂದ ಸುಲ್ತಾನನದು. ತಿಕೋಟಾದವರು ಮಾತ್ರ ಮುದ್ರೆಯನ್ನೇ ಹಿಡಿದು ಕೂತರು. ಸಾವಿರಾರು ಸೈನಿಕರ ತಲೆ ಎಣಿಸೋ ವ್ಯವಸ್ಥೆ ಮಾಡಿದವನು ತನ್ನ ಮುದ್ರೆಗೆ ಯಾಕೆ ಒಂದು ಚೆಕ್ ಇಡಲಿಲ್ಲ? ಮುದ್ರೆ ಯಾರದು ಅಂತ ಕಾಗದ ಹೇಳುತ್ತೆ. ಒತ್ತಿದ ಕೈ ಯಾರದು ಅಂತ ಹೇಳಲ್ಲ. ಇವತ್ತು ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಮಾಡಿದರೆ ಇನ್ನೊಬ್ಬರು ಪಾಸ್ ಮಾಡಬೇಕು, ಅದೂ ಇದಕ್ಕೇ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು, ಅಂದ್ರ ನಮ್ಮ ಕಡೆಯ ಉತಾರಗಳು, ಕಂಪ್ಯೂಟರಿಗೆ ಬಂದಾಗ ಬರೀ ಪಾಸ್‌ವರ್ಡ್ ಸಾಲದು ಅಂತ ಅಧಿಕಾರಿಗಳ ಬೆರಳಚ್ಚನ್ನೂ ಇಟ್ಟರು. ಮುದ್ರೆ ಕದಿಯಬಹುದು, ಬೆರಳು ಕದಿಯೋದು ಕಷ್ಟ. ತಿಕೋಟಾದ ದ್ರಾಕ್ಷಿ ತೋಟದ ಉತಾರದ ಹಿಂದೆಯೂ ಇಂಥದೊಂದು ಎಚ್ಚರ ಐತಿ ಅಂತ ನಮಗೆ ಅವತ್ತೇ ಗೊತ್ತಾಗಿದ್ದು.

ಒಂದು ತಪ್ಪೊಪ್ಪಿಗೆ. ನಮ್ಮ ಮೂವರ ಕಾಲೇಜ್ ಪೋರ್ಟಲ್‌ಗೂ ಒಂದೇ ಪಾಸ್‌ವರ್ಡ್ ಇತ್ತು. ಒಬ್ಬರು ಊರಿಗೆ ಹೋದ್ರೆ ಇನ್ನೊಬ್ಬರು ಫಾರ್ಮ್ ತುಂಬೋಕೆ ಅನುಕೂಲ ಅಂತ. ಹಂಗ ತುಂಬಿ ಒಬ್ಬರಿಗೆ ಬೇಡದ ಎಲೆಕ್ಟಿವ್ ಬಿದ್ದು, ಇಡೀ ಸೆಮಿಸ್ಟರ್ ಮಾತುಕತೆ ಬಂದ್ ಆಗಿತ್ತು. ತುಂಬಿದವರು ತಾನಲ್ಲ ಅಂತಿದ್ರು, ಪೋರ್ಟಲ್ ನೋಡಿದ್ರೆ ಹೆಸರು ಊರಿಗೆ ಹೋದವರದೇ. ನಮ್ಮದು ಒಂದು ಎಲೆಕ್ಟಿವ್‌ಗೆ ಮುಗೀತು.

ಗವಾನನ ಗೋರಿ ಬೀದರ್ ಪಟ್ಟಣದ ಹೊರಗೆ ಐತಿ. ಮದರಸಾದ ಮುಂಭಾಗ 17ನೇ ಶತಮಾನದ ಕೊನೆಯಲ್ಲಿ ಸಿಡಿದು ಅರ್ಧ ಬಿದ್ದು ಹೋಗಿದೆ, ಒಂದು ಮಿನಾರು ಮಾತ್ರ ಇನ್ನೂ ಬಣ್ಣದ ಹೆಂಚು ಹೊತ್ತು ನಿಂತಿದೆ. ರಜೆಯಲ್ಲಿ ಮೂವರೂ ಹೋಗಿ ಬರ್ತೀವಿ. ಬಸ್ ಟಿಕೆಟ್ ಮಾತ್ರ ಈ ಸಲ ಅವರವರೇ ಬುಕ್ ಮಾಡ್ತಾರೆ, ಅವರವರ ಪಾಸ್‌ವರ್ಡ್ ಹಾಕಿ.