ವೆಲ್ಲೂರಿನ ವೈದ್ಯಮಾತೆ ಐಡಾ ಸ್ಕಡರ್

ವೆಲ್ಲೂರಿನ ದೊಡ್ಡಾಸ್ಪತ್ರೆಯ ಹೆಸರನ್ನು ಕೇಳದ ಸಭೆಯು ನಮ್ಮ ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಇರಲಾರದು. ಅದನ್ನು ಸ್ಥಾಪಿಸಿದ ಐಡಾ ಸ್ಕಡರ್ ಎಂಬಾಕೆಯು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಹುಟ್ಟಿದಳು. ಅಜ್ಜನೂ ತಂದೆಯೂ ಅಮೇರಿಕದ ಮಿಷನಿನ ವೈದ್ಯರು. ಬಾಲ್ಯದಲ್ಲಿ ಘೋರ ಕ್ಷಾಮವನ್ನು ಕಂಡಿದ್ದ ಈಕೆಗೆ ಈ ದೇಶದಲ್ಲಿ ನೆಲೆಸುವ ಮನಸ್ಸಿರಲಿಲ್ಲ. ಅಮೇರಿಕದಲ್ಲಿ ಓದಿದ ಮೇಲೆ ತಾಯಿಯ ಅಸ್ವಸ್ಥತೆಯ ನಿಮಿತ್ತವಾಗಿ ಮಾತ್ರ ತಿಂಡಿವನಕ್ಕೆ ಬಂದಿದ್ದಳು.

ಅಲ್ಲಿ ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬನು ಬಂದು, ತನ್ನ ಹೆಂಡತಿಯು ಹೆರಿಗೆಯ ಸಂಕಟದಲ್ಲಿರುವಳೆಂದೂ ಕೂಡಲೇ ಬರಬೇಕೆಂದೂ ಬೇಡಿಕೊಂಡನು. ತಾನು ವೈದ್ಯಳಲ್ಲ, ತಂದೆಯನ್ನು ಕಳುಹಿಸುವೆನು ಎನ್ನಲಾಗಿ, ಪರಪುರುಷನು ಮುಟ್ಟುವದಕ್ಕಿಂತ ಆಕೆಯು ಸಾಯುವದೇ ಲೇಸೆಂದು ಹೊರಟುಹೋದನು. ಆಮೇಲೆ ಮುಸಲ್ಮಾನನೊಬ್ಬನು, ತರುವಾಯ ಮೇಲ್ಜಾತಿಯ ಮತ್ತೊಬ್ಬ ಹಿಂದುವು ಅದೇ ಬೇಡಿಕೆಯಿಂದ ಬಂದು, ಅದೇ ಕಾರಣದಿಂದ ಹಿಂದಿರುಗಿದರು. ಬೆಳಿಗ್ಗೆ ವಿಚಾರಿಸಲಾಗಿ ಮೂವರು ಸ್ತ್ರೀಯರೂ ತೀರಿಕೊಂಡಿದ್ದರು. ವೈದ್ಯನು ಅದೇ ಮನೆಯಲ್ಲಿ ಇದ್ದನಲ್ಲಾ! ಇದ್ದೂ ಇಲ್ಲದಂತಾಯಿತು. ಐಡಾಳು ಅದನ್ನು ಕರ್ತನ ಕರೆಯೆಂದು ತಿಳಿದು, ವೈದ್ಯವಿದ್ಯೆಗಾಗಿ ಸಮುದ್ರ ದಾಟಿದಳು.

ಹೆರಿಗೆಯಲ್ಲಿ ಅಪಾಯಗಳು ಬಹಳ. ಶಿಶುವು ಅಡ್ಡಲಾಗಿ ನಿಂತರೆ ತಾಯಿಗೂ ಕೇಡು. ಅಂಥಲ್ಲಿ ಗರ್ಭದ ನೀರು ಒಡೆದಾಗ ಹೊಕ್ಕುಳಬಳ್ಳಿಯು ಶಿಶುವಿಗಿಂತ ಮುಂಚೆ ಜಾರಿ ಬರುವದುಂಟು. ಬಳ್ಳಿಯು ಒತ್ತಲ್ಪಟ್ಟರೆ ತಾಯಿಯ ರಕ್ತವು ತರುವ ಪ್ರಾಣವಾಯುವು ನಿಂತು, ಕೆಲವೇ ನಿಮಿಷಗಳಲ್ಲಿ ಮಗು ಸಾಯಬಹುದು. ಹಾಗೆ ಕಂಡರೆ ಸೂಲಗಿತ್ತಿಯು ಬಳ್ಳಿಯನ್ನು ಒಳಗೆ ತಳ್ಳಬಾರದು, ಎಳೆಯಲೂಬಾರದು. ತಾಯಿಯನ್ನು ಮೊಣಕಾಲೂರಿಸಿ, ಎದೆಯನ್ನು ಹಾಸಿಗೆಗೆ ತಗ್ಗಿಸಿ, ಸೊಂಟವನ್ನು ಎತ್ತರದಲ್ಲಿರಿಸಿ, 108ರ ಗಾಡಿಯನ್ನು ಕರೆಯಬೇಕು. ಬಹುಮಟ್ಟಿಗೆ ಶಸ್ತ್ರಕ್ರಿಯೆಯಿಂದಲೇ ಮಗು ಉಳಿಯುವದು. ಮಗು ಅಡ್ಡವಾಗಿದೆ ಎಂದು ನರ್ಸಮ್ಮನವರು ಮೊದಲೇ ಹೇಳಿದ್ದರೆ, ಗಿರಿಯ ತೋಟದ ಲೈನುಗಳವರೂ ಕಳಸದ ಕಡೆಯವರೂ ಮಳೆಗಾಲದ ದಾರಿಯನ್ನು ನೆನೆದು, ದಿನ ತುಂಬುವದಕ್ಕೆ ಮುಂಚೆಯೇ ಆಸ್ಪತ್ರೆಯ ಊರಿಗೆ ಇಳಿಯತಕ್ಕದ್ದು.

ಬಳ್ಳಿಯು ಕೊರಳಿಗೆ ಸುತ್ತಿರುವದು ಬೇರೆ ಸಂಗತಿ. ಅದು ಅನೇಕ ಶಿಶುಗಳಲ್ಲಿ ಕಾಣುವದು; ಬಲ್ಲ ಕೈಯು ಸಾಧಾರಣವಾಗಿ ತಲೆಯ ಮೇಲಿಂದ ಸರಿಸಿಬಿಡುವದು. ಮಾಲೆ ಹಾಕಿಕೊಂಡು ಹುಟ್ಟಿದ ಮಗುವು ಸೋದರಮಾವನಿಗೆ ಕೇಡೆಂಬ ಮಾತು ದೀಕ್ಷಾಸ್ನಾನ ಹೊಂದಿದ ಮನೆಗಳಲ್ಲಿಯೂ ಇನ್ನೂ ಪಿಸುಗುಟ್ಟಲ್ಪಡುತ್ತದೆ. ಸೋದರಮಾವನಿಗೆ ಅದರಿಂದ ಏನೂ ಆಗದು. ಕುಡುಗೋಲಿನಿಂದ ಬಳ್ಳಿ ಕೊಯ್ದು ಸಗಣಿ ಹಚ್ಚುವದರಿಂದಲಾದರೋ ಧನುರ್ವಾಯು ತಗಲಿ ಎಷ್ಟೋ ಕೂಸುಗಳು ಸತ್ತವು.

ಐಡಾಳು 1899ರಲ್ಲಿ ಕಾರ್ನೆಲ್ ವಿದ್ಯಾಶಾಲೆಯಲ್ಲಿ ವೈದ್ಯಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಕೆಲಸಕ್ಕೆ ನಿಂತಳು. ಅದೇ ವರುಷ ತಂದೆಯು ತೀರಿಕೊಂಡನು. ಶೆಲ್ ಎಂಬ ಧನಿಕನು ತನ್ನ ಪತ್ನಿಯ ಸ್ಮರಣಾರ್ಥವಾಗಿ ಕೊಟ್ಟ ಹಣದಿಂದ 1902ರಲ್ಲಿ 40 ಹಾಸಿಗೆಗಳ ಸ್ತ್ರೀಯರ ಆಸ್ಪತ್ರೆಯು ತೆರೆಯಲ್ಪಟ್ಟಿತು. ಆದರೆ ಒಬ್ಬಳ ಎರಡು ಕೈಗಳು ಎಷ್ಟು ಹಳ್ಳಿಗಳನ್ನು ಮುಟ್ಟಾವು? ಆದಕಾರಣ 1909ರಲ್ಲಿ ದಾದಿಯರ ಶಾಲೆಯನ್ನೂ, 1918ರಲ್ಲಿ 17 ಹುಡುಗಿಯರೊಂದಿಗೆ ಸ್ತ್ರೀಯರ ವೈದ್ಯಶಾಲೆಯನ್ನೂ ಆರಂಭಿಸಿದಳು. ಹುಡುಗಿಯರು ಬರಲಾರರೆಂದು ಅಧಿಕಾರಿಗಳು ಸಂದೇಹಪಟ್ಟಿದ್ದರು. ಮೊದಲ ಪರೀಕ್ಷೆಗೆ ಕುಳಿತ 14 ಮಂದಿಯೂ ತೇರ್ಗಡೆ ಹೊಂದಿದರು.

ಆಕೆಯು 1946ರಲ್ಲಿ ನಿವೃತ್ತಳಾದಳು. ತರುವಾಯ ಪ್ರಸೂತಿ ವೈದ್ಯದಲ್ಲಿ ಪ್ರವೀಣಳಾದ ಹಿಲ್ಡಾ ಲಾಜರಸ್ ಆ ಸಂಸ್ಥೆಯ ಪ್ರಥಮ ಭಾರತೀಯ ಮುಖ್ಯಸ್ಥೆಯಾದಳು. ಮದುವೆಯಿಲ್ಲದೆ ಸೇವೆಯಲ್ಲಿಯೇ ಮುಪ್ಪಾದ ಐಡಾಳು 1960ನೆಯ ಇಸವಿ ಮೇ 24ರಂದು ಕೊಡೈಕನಾಲಿನಲ್ಲಿ, ತನ್ನ 89ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದಳು.